ನಾಲ್ಕು ತೂತಿನ ಒಂದು ಪ್ಲೇಟು: ಸಿಎನ್‌ಸಿ ಮಿಲ್ಲಿಂಗ್, ಡ್ರಿಲ್ಲಿಂಗ್ ಅಂದರೆ ಇಷ್ಟು

ಅಕ್ಕನ ಮಗ ಇಂಡಿಯಿಂದ ಬಂದು ಪುಣೆ ಹತ್ತಿರದ ಭೋಸರಿಯ ನನ್ನ ರೂಮಿನಲ್ಲಿ ಇಳಿದು ಎರಡು ವಾರ ಆಯಿತು. ಐಟಿಐಯಲ್ಲಿ ಮಷಿನಿಸ್ಟ್ ಟ್ರೇಡ್ ಮುಗಿಸಿದ್ದಾನೆ. ಲೇಥ್ ಗೊತ್ತು, ಕೈಯಲ್ಲಿ ಹ್ಯಾಂಡಲ್ ತಿರುಗಿಸುವ ಹಳೆಯ ಮಿಲ್ಲಿಂಗ್ ಮಷೀನ್ ಗೊತ್ತು. ವಿಎಂಸಿಯನ್ನು, ಅಂದರೆ ಕಂಪ್ಯೂಟರ್ ಓಡಿಸುವ (ಸಿಎನ್‌ಸಿ) ಮಿಲ್ಲಿಂಗ್ ಮಷೀನನ್ನು, ಮಾತ್ರ ದೂರದಿಂದ ನೋಡಿದ್ದಷ್ಟೇ. ಮೊದಲ ದಿನ ನಮ್ಮ ಶಾಪ್‌ಗೆ ಕರೆದುಕೊಂಡು ಹೋದೆ. ಬಾಗಿಲು ಮುಚ್ಚಿತು, ಟೂಲ್ ತಾನೇ ಬದಲಾಯಿತು, ಕೂಲಂಟ್ ಚಿಮ್ಮಿತು. ಐದು ನಿಮಿಷ ಮಾತಿಲ್ಲದೆ ನೋಡಿ ಕೇಳಿದ: “ಮಾಮಾ, ಜಾಬ್ ಎಲ್ಲಿ ಐತಿ ಅಂತ ಇದಕ್ಕ ಹೆಂಗ ಗೊತ್ತಾಗತೈತಿ?”

“ಗೊತ್ತಾಗೂದಿಲ್ಲೋ,” ಅಂದೆ.

ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡ. ತಮಾಷೆ ಅಲ್ಲ. ಆ ಮಷೀನ್‌ಗೆ ಕಣ್ಣಿಲ್ಲ. ಜಾಬ್ ಅಂದರೆ ಕೊರೆಯಬೇಕಾದ ತುಂಡು, ಅದನ್ನು ಬಿಗಿಯಾಗಿ ಹಿಡಿಯುವುದು ವೈಸ್. ವೈಸ್‌ನಲ್ಲಿ ಕಬ್ಬಿಣ ಇದೆಯೋ, ಖಾಲಿ ಇದೆಯೋ, ಯಾರೋ ಪಾನಾ ಮರೆತು ಹೋಗಿದ್ದಾರೋ, ಅದಕ್ಕೆ ಏನೂ ತಿಳಿಯದು. ಅದಕ್ಕೆ ತಿಳಿದಿರುವುದು ಅಂಕಿ ಮಾತ್ರ. ಇಂಥ ಅಂಕಿಗೆ ಹೋಗು ಅಂದರೆ ಹೋಗುತ್ತದೆ, ದಾರಿಯಲ್ಲಿ ಏನೇ ಅಡ್ಡ ಬರಲಿ. ಹೊಸಬರು ಜಿ ಕೋಡ್ (ಮಷೀನ್‌ಗೆ ಕೊಡುವ ಆಜ್ಞೆಗಳು) ಬಾಯಿಪಾಠ ಮಾಡುವುದರಿಂದ ಶುರು ಮಾಡುತ್ತಾರೆ. ನನ್ನ ಪ್ರಕಾರ ಶುರು ಮಾಡಬೇಕಾದದ್ದು ಇಲ್ಲಿಂದ. ಕಣ್ಣಿಲ್ಲದವನಿಗೆ ಜಾಗ ತೋರಿಸುವ ಕೆಲಸ ನಮ್ಮದು ಅನ್ನುವುದು ತಲೆಗೆ ಹೋದರೆ ಉಳಿದದ್ದು ತಾನೇ ಜೋಡಿಕೊಳ್ಳುತ್ತದೆ.

ಅವನಿಗೆ ಕಲಿಸಿದ ಪ್ಲೇಟನ್ನೇ ಇಲ್ಲಿ ಇಟ್ಟುಕೊಳ್ಳೋಣ. ಮೈಲ್ಡ್ ಸ್ಟೀಲ್, 100 ಉದ್ದ, 80 ಅಗಲ, 21 ದಪ್ಪ, ಎಲ್ಲಾ ಮಿಲಿಮೀಟರ್‌ನಲ್ಲಿ. ಮೇಲ್ಮೈಯನ್ನು 1 ಮಿ.ಮೀ. ಕೆರೆದು ದಪ್ಪ 20ಕ್ಕೆ ತರಬೇಕು. ಅಂಚಿನ ಸುತ್ತ 3 ಅಗಲ, 5 ಆಳದ ಒಂದು ಮೆಟ್ಟಿಲು ಕೊರೆಯಬೇಕು. ನಾಲ್ಕು ಮೂಲೆಯಲ್ಲಿ, ಅಂಚಿನಿಂದ 15 ಒಳಗೆ, ಆರುಪಾರು ತೂತು ಹಾಕಿ ಎಂ10 ಥ್ರೆಡ್ ಹಾಕಬೇಕು. ಕಾಗದದ ಮೇಲೆ ಅಂಗೈಯಷ್ಟು ಚಿತ್ರ. ಆದರೆ ಮಿಲ್ಲಿಂಗ್, ಡ್ರಿಲ್ಲಿಂಗ್, ಟ್ಯಾಪಿಂಗ್ (ತೂತಿನೊಳಗೆ ಥ್ರೆಡ್ ಹಾಕುವುದು) ಮೂರೂ ಇದರಲ್ಲಿ ಬಂದುಹೋಗುತ್ತವೆ.

ಮೊದಲು ಮಷೀನ್ ಬಗ್ಗೆ ಎರಡು ಮಾತು. ಲೇಥ್‌ನಲ್ಲಿ ಜಾಬ್ ತಿರುಗುತ್ತದೆ, ಟೂಲ್ ನಿಂತಿರುತ್ತದೆ. ಮಿಲ್ಲಿಂಗ್‌ನಲ್ಲಿ ಟೂಲ್ ತಿರುಗುತ್ತದೆ, ಜಾಬ್ ಬಿಗಿಯಾಗಿ ಕಟ್ಟಿಕೊಂಡು ಕೂತಿರುತ್ತದೆ. ವಿಎಂಸಿ ಅಂದರೆ ವರ್ಟಿಕಲ್ ಮಷಿನಿಂಗ್ ಸೆಂಟರ್. ಟೂಲ್ ಹಿಡಿದು ತಿರುಗಿಸುವ ಸ್ಪಿಂಡಲ್ ನೆಟ್ಟಗೆ ನಿಂತು ಕೆಳಕ್ಕೆ ಮುಖ ಮಾಡಿರುತ್ತದೆ. ಪಕ್ಕದಲ್ಲಿ ಇಪ್ಪತ್ತು ಚಿಲ್ಲರೆ ಟೂಲ್ ತೂಗಿಕೊಂಡ ಒಂದು ಚಕ್ರ, ಬೇಕಾದ್ದನ್ನು ಅದೇ ಎತ್ತಿಕೊಳ್ಳುತ್ತದೆ. ಅಂಕಿ ಕೊಟ್ಟು ಮಷೀನ್ ಓಡಿಸುವ ಯೋಚನೆ ಹುಟ್ಟಿದ್ದು ಅಮೆರಿಕದಲ್ಲಿ. ಜಾನ್ ಪಾರ್ಸನ್ಸ್ ಎಂಬವರು ಹೆಲಿಕಾಪ್ಟರ್ ರೆಕ್ಕೆಯ ಬಾಗನ್ನು ಕೈಯಿಂದ ಸರಿಯಾಗಿ ತರಲಾಗದೆ, ಬಾಗಿನ ಮೇಲಿನ ಬಿಂದುಗಳನ್ನು ಲೆಕ್ಕ ಹಾಕಿಸಿ ಅದರಂತೆ ಕೊರೆಸಲು ಹೊರಟರು. ಎಂಐಟಿಯವರು 1952ರಲ್ಲಿ ಅಂಥ ಮಿಲ್ಲಿಂಗ್ ಮಷೀನನ್ನು ಓಡಿಸಿ ತೋರಿಸಿದರು. ಆಗ ಅಂಕಿಗಳು ತೂತು ಹೊಡೆದ ಕಾಗದದ ಪಟ್ಟಿಯಲ್ಲಿ ಇರುತ್ತಿದ್ದವು. ಈಗ ಪೆನ್ ಡ್ರೈವ್‌ನಲ್ಲಿ. ನಮ್ಮ ಶಾಪ್‌ನ ಒಂದು ಮಷೀನ್ ಬೆಂಗಳೂರಿನ ಬಿಎಫ್‌ಡಬ್ಲ್ಯು ಕಂಪನಿ ಮಾಡಿದ್ದು. ಮಷೀನ್ ಬೆಂಗಳೂರಿನದು, ಓಡಿಸುವವರು ವಿಜಯಪುರ, ಕಲಬುರಗಿ, ಬೀದರ್ ಕಡೆಯವರು, ಬೈಗುಳ ಮಾತ್ರ ಮರಾಠಿಯಲ್ಲಿ. ತೂತಿಗೆ ಇಲ್ಲಿ ‘ಭೋಕ’ ಅನ್ನುತ್ತಾರೆ. ಮೊದಲ ವಾರ ಅದೊಂದು ತಿಳಿದಿದ್ದರೆ ಅರ್ಧ ಬೈಗುಳ ತಪ್ಪುತ್ತದೆ.

ಸೊನ್ನೆ ಎಲ್ಲಿದೆ?

ಮೂರು ದಿಕ್ಕು. ಎಡ-ಬಲ ಎಕ್ಸ್, ಹಿಂದೆ-ಮುಂದೆ ವೈ, ಮೇಲೆ-ಕೆಳಗೆ ಝಡ್. ಟೂಲ್ ಜಾಬ್‌ನಿಂದ ಮೇಲಕ್ಕೆ ಹೋದರೆ ಝಡ್ ಪ್ಲಸ್, ಕೆಳಗೆ ಕಬ್ಬಿಣದೊಳಗೆ ಹೋದರೆ ಮೈನಸ್. ಇದು ಸುಲಭ. ಗೊಂದಲ ಆಗುವುದು ಎಕ್ಸ್‌ನಲ್ಲಿ. ನಮ್ಮ ಮಷೀನ್‌ನಲ್ಲಿ ಎಕ್ಸ್ ಪ್ಲಸ್ ಒತ್ತಿದರೆ ಟೇಬಲ್ ಎಡಕ್ಕೆ ಓಡುತ್ತದೆ. ಹುಡುಗ ಹೌಹಾರಿ ಕೈ ತೆಗೆದ. ತಪ್ಪೇನಿಲ್ಲ. ಟೇಬಲ್ ಎಡಕ್ಕೆ ಹೋದರೆ ಟೂಲ್ ಜಾಬ್‌ನ ಬಲಕ್ಕೆ ಬಂದ ಹಾಗೆ ಆಯ್ತಲ್ವಾ? ಪ್ರೋಗ್ರಾಂ ಬರೆಯುವಾಗ ಯಾವಾಗಲೂ ಜಾಬ್ ನಿಂತಿದೆ, ಟೂಲೇ ಓಡಾಡುತ್ತಿದೆ ಅಂದುಕೊಳ್ಳಬೇಕು. ಯಾವುದು ನಿಜಕ್ಕೂ ಸರಿಯುತ್ತದೆ ಅನ್ನುವುದು ಮಷೀನ್‌ನ ತಲೆನೋವು.

ಅಂಕಿ ಅಂದಮೇಲೆ ಎಲ್ಲಿಂದ ಎಣಿಸುವುದು ಅನ್ನುವ ಪ್ರಶ್ನೆ ಬರುತ್ತದೆ. ಇಲ್ಲಿ ಎರಡು ಸೊನ್ನೆ ಇವೆ. ಒಂದು ಮಷೀನ್‌ನ ಸ್ವಂತದ್ದು, ಕಂಪನಿಯವರು ಇಟ್ಟು ಕಳಿಸಿದ್ದು, ಬದಲಾಗುವುದಿಲ್ಲ. ಇನ್ನೊಂದು ಜಾಬ್‌ನ ಸೊನ್ನೆ, ನಾವು ಇಡುವುದು. ಹುಡುಗನಿಗೆ ಹೀಗೆ ಹೇಳಿದೆ: ಊರಿಂದ ಯಾರಾದರೂ ಬಂದರೆ ಭೋಸರಿಯ ಬಸ್ ಸ್ಟಾಪಿನಿಂದ ದಾರಿ ಹೇಳುತ್ತೇವೆ. ರೂಮಿನೊಳಗೆ ಬಂದಮೇಲೆ, ಬಾಗಿಲಿಂದ ನಾಲ್ಕು ಹೆಜ್ಜೆಗೆ ಒಲೆ, ಎರಡು ಹೆಜ್ಜೆಗೆ ಹಾಸಿಗೆ ಅನ್ನುತ್ತೇವೆ. ಬಸ್ ಸ್ಟಾಪ್ ಮಷೀನ್‌ನ ಸೊನ್ನೆ, ಬಾಗಿಲು ಜಾಬ್‌ನ ಸೊನ್ನೆ. ಬಸ್ ಸ್ಟಾಪಿನಿಂದ ಬಾಗಿಲಿಗೆ ಎಷ್ಟು ದೂರ ಅನ್ನುವುದನ್ನು ಬರೆದಿಡುವ ಪುಟವೇ ಜಿ54. ರೂಮ್ ಬದಲಾದರೆ ಆ ಒಂದು ಅಂಕಿ ಬದಲಿಸಿದರೆ ಆಯಿತು, ಒಲೆ-ಹಾಸಿಗೆಯ ಲೆಕ್ಕ ಹಾಗೇ ಇರುತ್ತದೆ.

ನಮ್ಮ ಪ್ಲೇಟಿಗೆ ಎಡಗಡೆಯ ಮುಂದಿನ ಮೂಲೆಯನ್ನು ಸೊನ್ನೆ ಮಾಡಿದೆವು. ಅದನ್ನು ಹುಡುಕುವುದು ಎಡ್ಜ್ ಫೈಂಡರ್‌ನಿಂದ. ಬೆರಳಿನಂಥ ಸಣ್ಣ ಸಾಧನ, ತುದಿಯ ಭಾಗ ಸ್ಪ್ರಿಂಗ್ ಮೇಲೆ ಸಡಿಲವಾಗಿ ಕೂತಿರುತ್ತದೆ. ಸ್ಪಿಂಡಲ್ ತಿರುಗಿಸಿದರೆ ತುದಿ ಓಲಾಡುತ್ತದೆ. ನಿಧಾನಕ್ಕೆ ಪ್ಲೇಟಿನ ಅಂಚಿಗೆ ತಂದರೆ ಓಲಾಟ ಕಡಿಮೆಯಾಗುತ್ತ ಬರುತ್ತದೆ. ಒಂದು ಗಳಿಗೆ ಪೂರ್ತಿ ನೆಟ್ಟಗೆ ನಿಂತ ಹಾಗೆ ಕಾಣುತ್ತದೆ. ಇನ್ನೊಂದು ಕೂದಲಷ್ಟು ಮುಂದೆ ಹೋದರೆ ಸರಕ್ಕನೆ ಪಕ್ಕಕ್ಕೆ ಜಾರುತ್ತದೆ. ಆ ಜಾರುವ ಜಾಗವೇ ಅಂಚು. ಆದರೆ ನೆನಪಿಡಿ, ಅಂಚಿಗೆ ತಾಗಿದ್ದು ತುದಿಯ ಪಕ್ಕ. ಸ್ಪಿಂಡಲ್‌ನ ನಡು ಇನ್ನೂ ಹೊರಗೇ ಇದೆ. ತುದಿ 10 ಮಿ.ಮೀ. ದಪ್ಪ ಇದ್ದರೆ ನಡು ಅಂಚಿನಿಂದ 5 ದೂರ. ಆ 5 ಸೇರಿಸಲು ಮರೆತವರು ನಮ್ಮಲ್ಲಿ ಎಷ್ಟು ಮಂದಿ ಅಂತ ಕೇಳಬೇಡಿ. ಎಲ್ಲಾ ತೂತೂ ಚೆಂದ ಬಂದಿರುತ್ತವೆ, ಎಲ್ಲವೂ 5 ಮಿ.ಮೀ. ಆಚೆ. ನಮ್ಮ ಸೂಪರ್‌ವೈಸರ್ ಮಷೀನ್ ಹತ್ತಿರ ಬಂದರೆ ಮೊದಲ ಮಾತು ಇದೇ: “ಆಧೀ ಝೀರೋ ಬಘ.” ಮೊದಲು ಸೊನ್ನೆ ನೋಡು.

ಎಕ್ಸ್, ವೈ ಆಯಿತು. ಝಡ್‌ನಲ್ಲಿ ಇನ್ನೊಂದು ತೊಡಕು. ಪ್ರತಿ ಟೂಲಿನ ಉದ್ದ ಬೇರೆ. ಮೇಲ್ಮೈ ಕೆರೆಯುವ ಫೇಸ್ ಮಿಲ್ ಗಿಡ್ಡ, ಡ್ರಿಲ್ ಉದ್ದ. ಮಷೀನ್‌ಗೆ ಇದೂ ಕಾಣುವುದಿಲ್ಲ. ಅದಕ್ಕೇ ಒಂದೊಂದು ಟೂಲನ್ನೂ ಅಳೆದು ಎಚ್ ಅನ್ನುವ ಪಟ್ಟಿಯಲ್ಲಿ ಬರೆಯುತ್ತೇವೆ. ಒಂದನೇ ಟೂಲಿಗೆ ಎಚ್1, ಮೂರನೇದಕ್ಕೆ ಎಚ್3. ಪ್ರೋಗ್ರಾಂನಲ್ಲಿ ಜಿ43 ಎಚ್3 ಅಂದರೆ, ಈಗ ಹಿಡಿದಿರುವ ಟೂಲಿನ ಉದ್ದ ಆ ಪಟ್ಟಿಯ ಮೂರನೇ ಸಾಲಿನಲ್ಲಿದೆ, ನೋಡಿಕೊಂಡು ಇಳಿ ಅಂತ ಅರ್ಥ.

ನಾನು ಸೆಟ್ಟರ್ (ಮಷೀನ್ ಸಜ್ಜು ಮಾಡುವವನು) ಆದ ಹೊಸತರಲ್ಲಿ ಮೂರನೇ ಟೂಲ್ ಕರೆದು ಎಚ್2 ಅಂತ ಬರೆದಿದ್ದೆ. ಎರಡನೇ ಟೂಲ್ 95 ಮಿ.ಮೀ., ಮೂರನೇದು 140ರ ಡ್ರಿಲ್. ಮಷೀನ್ ತನ್ನ ಕೈಯಲ್ಲಿರುವುದು 95ರದ್ದು ಅಂತ ನಂಬಿ 45 ಮಿ.ಮೀ. ಜಾಸ್ತಿ ಇಳಿಯಿತು, ಅದೂ ಕೊರೆಯದೆ ಓಡುವಾಗಿನ ರ್‍ಯಾಪಿಡ್ ವೇಗದಲ್ಲಿ. ಧಡ್ ಅಂತ ಒಂದೇ ಸದ್ದು. ಡ್ರಿಲ್ ಚೂರು ಚೂರು, ವೈಸ್ ಮೇಲೆ ಒಂದು ಗುಳಿ. ಸ್ಪಿಂಡಲ್ ಕೆಟ್ಟಿದೆಯೋ ಇಲ್ಲವೋ ಅಂತ ಡಯಲ್ ಇಟ್ಟು ನೋಡುವಾಗ ನನ್ನ ಕೈ ನಡುಗುತ್ತಿತ್ತು. ಒಂದೇ ಅಂಕಿ ತಪ್ಪಿದ್ದು, ನೋಡಿ.

ಮಿಲ್ಲಿಂಗ್: ಸಿಪ್ಪೆ ಎಷ್ಟು ದಪ್ಪ

ಪ್ಲೇಟನ್ನು ವೈಸ್‌ಗೆ ಕಟ್ಟುವುದರಿಂದ ಕೆಲಸ ಶುರು. ಕೆಳಗೆ ಎರಡು ಪ್ಯಾರಲಲ್ ಇಡುತ್ತೇವೆ, ಅಂದರೆ ಒಂದೇ ಎತ್ತರಕ್ಕೆ ಉಜ್ಜಿದ ಉಕ್ಕಿನ ಪಟ್ಟಿ. ಪ್ಲೇಟ್ ಅದರ ಮೇಲೆ ಕೂತಾಗ ಅಡಿ ಸಮ ಆಗುತ್ತದೆ. ಬಿಗಿ ಮಾಡಿ ಮೆತ್ತನೆಯ ಸುತ್ತಿಗೆಯಿಂದ ಎರಡು ಏಟು. ಆಮೇಲೆ ಪ್ಯಾರಲಲ್ ಅಲ್ಲಾಡಿಸಿ ನೋಡಬೇಕು. ಒಂದು ಬಿಗಿ, ಒಂದು ಸಡಿಲ ಇದ್ದರೆ ಪ್ಲೇಟ್ ವಾಲಿದೆ ಅಂತ ಲೆಕ್ಕ. ವೈಸ್‌ನೊಳಗೆ ಒಂದು ಚಿಪ್ (ಕೊರೆದ ಕಬ್ಬಿಣದ ಸಿಪ್ಪೆ) ಉಳಿದರೂ ಸಾಕು, ಎಲ್ಲಾ ಕೆಡುತ್ತದೆ.

ಇನ್ನು ಎಷ್ಟು ವೇಗ? ಇಲ್ಲಿ ಎರಡು ವೇಗ ಇವೆ, ಎರಡನ್ನೂ ಕಲಸಬಾರದು. ಒಂದು, ಟೂಲಿನ ಹಲ್ಲು ಕಬ್ಬಿಣದ ಮೇಲೆ ಎಷ್ಟು ಬೇಗ ಉಜ್ಜಿಕೊಂಡು ಹೋಗುತ್ತದೆ ಅನ್ನುವುದು. ಇದಕ್ಕೆ ಕಟಿಂಗ್ ಸ್ಪೀಡ್ ಅನ್ನುತ್ತಾರೆ, ನಿಮಿಷಕ್ಕೆ ಇಷ್ಟು ಮೀಟರ್ ಅಂತ ಲೆಕ್ಕ. ಇದು ಟೂಲಿನ ಜಾತಿ, ಲೋಹದ ಜಾತಿ ನೋಡಿ ಬರುತ್ತದೆ. ಮೈಲ್ಡ್ ಸ್ಟೀಲ್‌ಗೆ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಡ್ರಿಲ್ ಆದರೆ 25ರ ಸುಮಾರು, ಪಕ್ಕದಿಂದ ಕೊರೆಯುವ ಕಾರ್ಬೈಡ್ ಎಂಡ್ ಮಿಲ್ ಆದರೆ 100, ಇನ್ಸರ್ಟ್ (ಬದಲಿಸಬಹುದಾದ ಹಲ್ಲು) ಹಾಕಿದ ಫೇಸ್ ಮಿಲ್ ಆದರೆ 180ರವರೆಗೂ ಓಡಿಸುತ್ತೇವೆ. ಇನ್ಸರ್ಟ್ ಡಬ್ಬಿಯ ಮೇಲೆ ಬರೆದಿರುತ್ತದೆ, ಓದುವವರು ಕಡಿಮೆ.

ಮಷೀನ್‌ಗೆ ಬೇಕಾದ್ದು ನಿಮಿಷಕ್ಕೆ ಎಷ್ಟು ಸುತ್ತು ಅನ್ನುವುದು. ಸಣ್ಣ ಟೂಲ್ ಒಂದು ಸುತ್ತಿಗೆ ಕಡಿಮೆ ದೂರ ಹೋಗುತ್ತದೆ, ಅದಕ್ಕೇ ಜಾಸ್ತಿ ಸುತ್ತಬೇಕು. ಸೂತ್ರ ಪುಸ್ತಕದಲ್ಲಿ ಉದ್ದ ಇರುತ್ತದೆ. ನಾವು ಬಾಯಲ್ಲಿ ಹೀಗೆ ಮಾಡುತ್ತೇವೆ: 318 ಗುಣಿಸು ಕಟಿಂಗ್ ಸ್ಪೀಡ್, ಭಾಗಿಸು ಟೂಲಿನ ವ್ಯಾಸ. (ಸಾವಿರವನ್ನು 3.14ರಿಂದ ಭಾಗಿಸಿದರೆ ಬರುವುದೇ 318.) 63 ಮಿ.ಮೀ. ಫೇಸ್ ಮಿಲ್‌ಗೆ 318 × 180 ÷ 63, ಸುಮಾರು 900 ಸುತ್ತು. 16ರ ಎಂಡ್ ಮಿಲ್‌ಗೆ 318 × 100 ÷ 16, ಹತ್ತಿರ ಹತ್ತಿರ 2000.

ಎರಡನೇ ವೇಗ ಫೀಡ್, ಅಂದರೆ ಟೂಲ್ ಎಷ್ಟು ಬೇಗ ಮುಂದೆ ಸರಿಯುತ್ತದೆ ಅನ್ನುವುದು. ಇದನ್ನು ಒಂದೊಂದು ಹಲ್ಲು ಎಷ್ಟು ದಪ್ಪದ ಸಿಪ್ಪೆ ತೆಗೆಯಬೇಕು ಅಂತ ಯೋಚಿಸಿ ತೆಗೆಯಬೇಕು. ಫೇಸ್ ಮಿಲ್‌ನಲ್ಲಿ ಐದು ಇನ್ಸರ್ಟ್ ಇವೆ, ಒಂದೊಂದಕ್ಕೆ 0.12 ಮಿ.ಮೀ. ಕೊಟ್ಟರೆ 0.12 × 5 × 900, ನಿಮಿಷಕ್ಕೆ 540 ಮಿ.ಮೀ. ಎಂಡ್ ಮಿಲ್‌ಗೆ ನಾಲ್ಕು ಹಲ್ಲು, 0.06 ಕೊಟ್ಟೆವು: 0.06 × 4 × 2000, ಅಂದರೆ 480.

ಇಲ್ಲಿ ಹೊಸಬರ ಒಂದು ತಪ್ಪು ಹೇಳಲೇಬೇಕು. ಹೆದರಿಕೆ ಆದಾಗ ಕೈ ತಾನಾಗಿ ಫೀಡ್ ಗುಂಡಿಗೆ ಹೋಗುತ್ತದೆ. 100 ಪರ್ಸೆಂಟ್‌ನಿಂದ 20ಕ್ಕೆ ಇಳಿಸುತ್ತಾರೆ. ನಿಧಾನಕ್ಕೆ ಹೋದರೆ ಟೂಲ್ ಉಳಿಯುತ್ತದೆ ಅಂತ. ಸುತ್ತು ಹಾಗೇ ಇಟ್ಟು ಫೀಡ್ ಮಾತ್ರ ಇಳಿಸಿದರೆ ಹಲ್ಲು ಕಬ್ಬಿಣವನ್ನು ಕೊರೆಯುವುದಿಲ್ಲ, ಸುಮ್ನೆ ಉಜ್ಜುತ್ತದೆ. ಉಜ್ಜಿದರೆ ಬಿಸಿ, ಬಿಸಿಯಾದರೆ ಮೊಂಡು. ಕಬ್ಬು ಕಡಿಯುವವನು ಕೊಯ್ತಾವನ್ನು ಹೆದರಿ ಹೆದರಿ ಸವರಿದರೆ ಏನಾಗುತ್ತದೆ? ಕಬ್ಬು ಕಡಿಯುವುದಿಲ್ಲ, ಕೊಯ್ತಾ ಹಾಳು. ಸ್ಟೇನ್‌ಲೆಸ್ ಸ್ಟೀಲ್‌ನಲ್ಲಿ ಇದು ಇನ್ನೂ ಕೆಟ್ಟದ್ದು, ಉಜ್ಜಿದಷ್ಟೂ ಮೇಲ್ಮೈ ಗಟ್ಟಿಯಾಗುತ್ತ ಹೋಗುತ್ತದೆ.

ಮೆಟ್ಟಿಲು ಕೊರೆಯುವಾಗ ಯಾವ ಕಡೆಯಿಂದ ಸುತ್ತಬೇಕು ಅನ್ನುವ ಪ್ರಶ್ನೆ ಬಂತು. ಐಟಿಐಯ ಹಳೆಯ ಮಷೀನ್‌ನಲ್ಲಿ ಹಲ್ಲು ಬರುವ ದಿಕ್ಕಿಗೆ ಎದುರಾಗಿ ಜಾಬ್ ಕೊಡು ಅಂತ ಅವನಿಗೆ ಕಲಿಸಿದ್ದರು. ಅಲ್ಲಿ ಅದು ಸರಿ. ಹಳೆಯ ಮಷೀನ್‌ನ ಸ್ಕ್ರೂದಲ್ಲಿ ಸಡಿಲು ಇರುತ್ತದೆ. ಹಲ್ಲಿನ ಜೊತೆಗೇ ಕೊಟ್ಟರೆ ಕಟರ್ ಟೇಬಲನ್ನು ತನ್ನ ಕಡೆ ಎಳೆದುಕೊಂಡುಬಿಡುತ್ತದೆ. ಸಿಎನ್‌ಸಿಯಲ್ಲಿ ಬಾಲ್ ಸ್ಕ್ರೂ, ಸಡಿಲು ಇಲ್ಲ ಅನ್ನುವಷ್ಟು ಕಡಿಮೆ. ಅದಕ್ಕೆ ಇಲ್ಲಿ ಉಲ್ಟಾ: ಹಲ್ಲಿನ ಜೊತೆಗೇ ಹೋಗುತ್ತೇವೆ. ಇದು ಕ್ಲೈಂಬ್ ಮಿಲ್ಲಿಂಗ್. ಹಲ್ಲು ದಪ್ಪ ಸಿಪ್ಪೆಯಿಂದ ಶುರು ಮಾಡಿ ತೆಳ್ಳಗೆ ಮುಗಿಸುತ್ತದೆ, ಬಿಸಿ ಚಿಪ್ ಜೊತೆ ಹೊರಗೆ ಹೋಗುತ್ತದೆ, ಮೇಲ್ಮೈ ಹೊಳೆಯುತ್ತದೆ. ಪ್ಲೇಟಿನ ಹೊರ ಅಂಚಿಗೆ ಗಡಿಯಾರದ ಮುಳ್ಳಿನಂತೆ ಸುತ್ತಿದರೆ ಕ್ಲೈಂಬ್ ಆಯಿತು. ಆಗ ಟೂಲ್ ಗೆರೆಯ ಎಡಕ್ಕೆ ಇರುತ್ತದೆ, ಅದಕ್ಕೆ ಜಿ41.

ಜಿ41 ಬಹಳ ಉಪಕಾರಿ. ಟೂಲ್ 16 ದಪ್ಪ, ನಡು ಗೆರೆಯಿಂದ 8 ಆಚೆ ಓಡಬೇಕು. ಆ ಲೆಕ್ಕವನ್ನು ನಾವು ಹಾಕಬೇಕಿಲ್ಲ. ಟೂಲಿನ ಅರ್ಧ ದಪ್ಪ ಬರೆಯುವ ಡಿ ಪಟ್ಟಿಯಲ್ಲಿ 8 ಅಂತ ಬರೆದರೆ ಮಷೀನ್ ತಾನೇ ಸರಿದು ಓಡುತ್ತದೆ. ಮೆಟ್ಟಿಲಿನ ಮೇಲಿನ ಭಾಗ 94 ಬರಬೇಕಿತ್ತು, ನಮ್ಮದು 94.04 ಬಂತು. ಪ್ರೋಗ್ರಾಂ ಮುಟ್ಟಲಿಲ್ಲ. ಡಿಯನ್ನು 8ರಿಂದ 7.98 ಮಾಡಿದೆ. ಎರಡೂ ಕಡೆಯಿಂದ 0.02 ಹೋಗಿ 94.00 ಕೂತಿತು. ಹುಡುಗನಿಗೆ ಇದು ಮಾಟದ ಹಾಗೆ ಕಂಡಿತು.

ಇನ್ನೊಂದು ಸಂಗತಿ ಕಿವಿಗೆ ಸಂಬಂಧಿಸಿದ್ದು. ಟೂಲನ್ನು ಹೋಲ್ಡರ್‌ನಿಂದ ಎಷ್ಟು ಉದ್ದ ಹೊರಗೆ ಬಿಟ್ಟಿದ್ದೀರಿ ನೋಡಿ. ಉದ್ದ ಎರಡು ಪಟ್ಟಾದರೆ ಬಾಗುವುದು ಎಂಟು ಪಟ್ಟು. ಆಗ ಕಿರ್ರ್ ಅಂತ ಹಲ್ಲು ಜುಮ್ಮೆನ್ನಿಸುವ ಸದ್ದು ಬರುತ್ತದೆ, ಮೇಲ್ಮೈ ಮೇಲೆ ಅಲೆ ಅಲೆ ಗುರುತು. ಬೇಕಾದಷ್ಟೇ ಹೊರಗೆ ಬಿಡಿ. ಸರಿಯಾಗಿ ಓಡುವ ಟೂಲಿನ ಸದ್ದು ಒಂದೇ ಸಮ ಇರುತ್ತದೆ, ದೂರದಲ್ಲಿ ಗಿರಣಿ ಓಡಿದ ಹಾಗೆ.

ಡ್ರಿಲ್ಲಿಂಗ್: ಸುಲಭ ಅಂತ ಕಾಣುವುದು

ಕೆಳಗೆ ಇಳಿ, ಮೇಲೆ ಬಾ. ಅಷ್ಟೇ ತಾನೆ? ನನ್ನ ಅನುಭವದಲ್ಲಿ ಶಾಪ್‌ನಲ್ಲಿ ಜಾಸ್ತಿ ಜಾಬ್ ಕೆಡುವುದು ತೂತಿನಲ್ಲೇ. ಮಿಲ್ಲಿಂಗ್ ಆದರೆ ಬಯಲಲ್ಲಿ ನಡೆಯುತ್ತದೆ, ಕಣ್ಣಿಗೆ ಕಾಣುತ್ತದೆ. ತೂತಿನೊಳಗೆ ಏನಾಗುತ್ತಿದೆ ಅಂತ ಮಷೀನ್‌ಗೂ ಕಾಣದು, ನಮಗೂ ಕಾಣದು.

ಡ್ರಿಲ್‌ನ ತುದಿ ನೋಡಿ. ಚೂಪು ಅಂತ ಕಾಣುತ್ತದೆ, ಆದರೆ ನಟ್ಟನಡುವೆ ಒಂದು ಸಣ್ಣ ಅಡ್ಡಗೆರೆ ಇದೆ. ಅದು ಕೊರೆಯುವುದಿಲ್ಲ, ಕಬ್ಬಿಣವನ್ನು ಅದುಮಿ ಪಕ್ಕಕ್ಕೆ ತಳ್ಳುತ್ತದೆ. ಹಾಗಾಗಿ ನೇರ ಇಳಿಸಿದರೆ ಶುರುವಿನಲ್ಲೇ ಜಾರಿ ಪಕ್ಕಕ್ಕೆ ಹೋಗುತ್ತದೆ. ಊರಿನಲ್ಲಿ ಬಡಿಗೇರರು ಬೈರಿಗೆ ಇಡುವ ಮೊದಲು ಮೊಳೆಯಿಂದ ಒಂದು ಗುರುತು ಕುಟ್ಟುತ್ತಾರಲ್ಲ, ಇದಕ್ಕೇ. ಸಿಎನ್‌ಸಿಯಲ್ಲಿ ಆ ಕೆಲಸ ಸ್ಪಾಟ್ ಡ್ರಿಲ್‌ನದು. ಗಿಡ್ಡ, ಗಟ್ಟಿ, ಬಾಗದು. ನಮ್ಮದು 90 ಡಿಗ್ರಿ ತುದಿಯದ್ದು. ಇದರಲ್ಲಿ ಒಂದು ಚೆಂದದ ಲೆಕ್ಕ ಇದೆ: ಎಷ್ಟು ಆಳ ಇಳಿಸುತ್ತೀರೋ ಅದರ ಎರಡರಷ್ಟು ಅಗಲದ ಬಟ್ಟಲು ಬೀಳುತ್ತದೆ. 5.25 ಇಳಿಸಿದೆವು, ಬಾಯಿ 10.5 ಆಯಿತು. ಆಮೇಲೆ 8.5ರ ಡ್ರಿಲ್ ಹೋದಾಗ ಸುತ್ತಲೂ 1 ಮಿ.ಮೀ. ಇಳಿಜಾರು ಅಂಚು ಉಳಿಯಿತು. ಬೋಲ್ಟ್ ಸಲೀಸಾಗಿ ಕೂರಲು ಅದು ಬೇಕೇ ಬೇಕು. ಜಾಗವೂ ಸಿಕ್ಕಿತು, ಅಂಚೂ ಆಯಿತು.

8.5 ಎಲ್ಲಿಂದ ಬಂತು? ಎಂ10 ಅಂದರೆ ಥ್ರೆಡ್‌ನ ಹೊರಗಿನ ಅಳತೆ 10, ಒಂದು ಎಳೆಯಿಂದ ಇನ್ನೊಂದು ಎಳೆಗೆ 1.5, ಇದೇ ಪಿಚ್. ಹತ್ತರಿಂದ ಒಂದೂವರೆ ಕಳೆ, 8.5. ಎಂ8 ಆದರೆ ಪಿಚ್ 1.25, ಡ್ರಿಲ್ 6.8. ಎಂ6 ಆದರೆ ಪಿಚ್ 1, ಡ್ರಿಲ್ 5. ಇದು ಬಾಯಿಪಾಠ ಇರಬೇಕು.

ಆಳದ ಲೆಕ್ಕದಲ್ಲೂ ಒಂದು ಕೊಂಡಿ ಇದೆ. ಫೇಸ್ ಆದ ಹೊಳೆಯುವ ಮೇಲ್ಮೈಯನ್ನು ನಾವು ಝಡ್ ಸೊನ್ನೆ ಮಾಡಿಕೊಂಡೆವು. ಪ್ಲೇಟ್ 20 ದಪ್ಪ. ಹುಡುಗ ಝಡ್ ಮೈನಸ್ 20 ಬರೆದ. ಆದರೆ ಮಷೀನ್ ಲೆಕ್ಕ ಹಾಕುವುದು ಡ್ರಿಲ್‌ನ ಚೂಪು ತುದಿಗೆ. ತುದಿ 20 ತಲುಪಿದಾಗ ಪೂರ್ತಿ ದಪ್ಪದ ಭಾಗ ಇನ್ನೂ ಮೇಲೇ ಇರುತ್ತದೆ. ಸಾಮಾನ್ಯ ಡ್ರಿಲ್‌ನ ತುದಿ 118 ಡಿಗ್ರಿ. ಅದರ ಉದ್ದ ವ್ಯಾಸದ 0.3 ಪಟ್ಟು. 8.5ಕ್ಕೆ 2.55. ಅದರ ಮೇಲೆ 1 ಮಿ.ಮೀ. ಧಾರಾಳವಾಗಿ ಇರಲಿ ಅಂತ 23.6 ಕೊಟ್ಟೆವು.

ಆಗ ನೆನಪಾಗಬೇಕಾದ್ದು ಕೆಳಗಿನ ಪ್ಯಾರಲಲ್. ಆರುಪಾರು ತೂತಿನ ಕೆಳಗೆ ಪ್ಯಾರಲಲ್ ಇದ್ದರೆ ಅದಕ್ಕೂ ತೂತು. ನಮ್ಮ ಪ್ಯಾರಲಲ್ 8 ಅಗಲ, ವೈಸ್‌ನ ದವಡೆಗೆ ಒತ್ತಿ ಕೂತಿವೆ. ತೂತು ಶುರುವಾಗುವುದು ಅಂಚಿನಿಂದ 10.75ಕ್ಕೆ. ಎರಡೂಮುಕ್ಕಾಲು ಮಿ.ಮೀ. ಅಂತರ ಇದೆ, ಪ್ಯಾರಲಲ್ ಸರಿಯದಿದ್ದರೆ ತೊಂದರೆ ಇಲ್ಲ. ನನ್ನ ಡಬ್ಬಿಯ ಒಂದು ಪ್ಯಾರಲಲ್‌ನಲ್ಲಿ ಅರ್ಧಚಂದ್ರದ ಗುರುತು ಇದೆ. ಹಿಂದೆ ಒಮ್ಮೆ ಸರಿದಿದ್ದು ನೋಡದೆ ಬಟನ್ ಒತ್ತಿದ್ದೆ. ಹುಡುಗನಿಗೆ ಅದನ್ನು ತೋರಿಸಿದೆ. ಬೆರಳಾಡಿಸಿ ನೋಡಿ ಸುಮ್ಮನಾದ.

ಇನ್ನು ಚಿಪ್. ಡ್ರಿಲ್‌ನ ಎರಡು ಸುರುಳಿ ಕಾಲುವೆ ಇರುವುದೇ ಚಿಪ್ ಹೊರಗೆ ತರಲು. ತೂತು ಆಳವಾದಷ್ಟೂ ಚಿಪ್‌ಗೆ ದಾರಿ ದೂರ. ತುಂಬಿಕೊಂಡರೆ ಡ್ರಿಲ್ ಸಿಕ್ಕಿಹಾಕಿಕೊಂಡು ಮುರಿಯುತ್ತದೆ. ಇಂಡಿ ತಾಲೂಕಿನವನಿಗೆ ಇದನ್ನು ವಿವರಿಸುವುದು ಸುಲಭ, ಬೋರ್‌ವೆಲ್ ನೋಡದೆ ಬೆಳೆದವರು ಅಲ್ಲಿ ಯಾರಿದ್ದಾರೆ? ಬೋರ್ ಕೊರೆಯುವಾಗ ಕಲ್ಲಿನ ಪುಡಿಯನ್ನು ಗಾಳಿ ಹೊಡೆದು ಮೇಲಕ್ಕೆ ಊದುತ್ತಿರಬೇಕು. ಊದದಿದ್ದರೆ ಬಿಟ್ ಒಳಗೇ ಕಚ್ಚಿಕೊಳ್ಳುತ್ತದೆ. ಇಲ್ಲಿ ಊದುವ ಬದಲು ಪೆಕ್ ಮಾಡುತ್ತೇವೆ, ಕೋಳಿ ಕುಟುಕಿದ ಹಾಗೆ. ಸ್ವಲ್ಪ ಇಳಿ, ಪೂರ್ತಿ ಮೇಲೆ ಬಾ, ಚಿಪ್ ಚೆಲ್ಲು, ಮತ್ತೆ ಇಳಿ. ಇದು ಜಿ83. ಪೂರ್ತಿ ಮೇಲೆ ಬರದೆ ಅಲ್ಲೇ ಒಂಚೂರು ಹಿಂದೆ ಸರಿದು ಚಿಪ್ ತುಂಡರಿಸುವುದು ಜಿ73. ಒಂದೇ ಏಟಿಗೆ ಇಳಿಯುವುದು ಜಿ81. ಆಳ ವ್ಯಾಸದ ಮೂರು ಪಟ್ಟು ದಾಟಿದರೆ ಪೆಕ್ ಮಾಡು ಅನ್ನುವುದು ರೂಢಿ. ನಮ್ಮದು ಮೂರರ ಒಳಗೇ ಇತ್ತು. ಆದರೂ ಮೊದಲ ಜಾಬ್, ಹುಡುಗನ ಕೈ, ಜಿ83 ಹಾಕಿಸಿದೆ. ಅರ್ಧ ನಿಮಿಷ ಹೋಗಲಿ, ಡ್ರಿಲ್ ಉಳಿಯಲಿ.

ಸುತ್ತು 318 × 25 ÷ 8.5, ಅಂದರೆ 930 ಚಿಲ್ಲರೆ. ಒಂದು ಸುತ್ತಿಗೆ 0.15 ಇಳಿತ, ಫೀಡ್ 140. ಡ್ರಿಲ್ಲಿಂಗ್ ಭಾಗದ ಪ್ರೋಗ್ರಾಂ ಇಷ್ಟೇ (ಪರದೆಯ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಇರುತ್ತದೆ):

ಜಿ21 ಜಿ17 ಜಿ40 ಜಿ80 ಜಿ90
ಟಿ3 ಎಂ6
ಜಿ54 ಜಿ0 ಎಕ್ಸ್15. ವೈ15.
ಎಸ್930 ಎಂ3
ಜಿ43 ಎಚ್3 ಝಡ್50. ಎಂ8
ಜಿ99 ಜಿ83 ಝಡ್-23.6 ಆರ್3. ಕ್ಯೂ4. ಎಫ್140.
ಎಕ್ಸ್85.
ವೈ65.
ಎಕ್ಸ್15.
ಜಿ80 ಎಂ9
ಜಿ91 ಜಿ28 ಝಡ್0. ಎಂ5
ಎಂ30

ಮೊದಲ ಸಾಲು ಸ್ಲೇಟು ಒರೆಸಿದ ಹಾಗೆ: ಮಿಲಿಮೀಟರ್ ಲೆಕ್ಕ, ಹಿಂದಿನ ಜಾಬ್‌ನ ಹಳೆಯ ಆಜ್ಞೆಗಳೆಲ್ಲ ರದ್ದು. ಟಿ3 ಎಂ6 ಅಂದರೆ ಮೂರನೇ ಟೂಲ್ ಹಾಕಿಕೋ. ಎಂ3 ಸ್ಪಿಂಡಲ್ ತಿರುಗಿಸು, ಎಂ8 ಕೂಲಂಟ್ ಬಿಡು. ಜಿ83 ಸಾಲಿನಲ್ಲಿ ಆರ್3 ಅಂದರೆ ಮೇಲ್ಮೈಯಿಂದ 3 ಮಿ.ಮೀ. ಮೇಲಿನವರೆಗೆ ಓಡಿ ಬಾ, ಅಲ್ಲಿಂದ ನಿಧಾನ. ಕ್ಯೂ4 ಅಂದರೆ ಒಂದೊಂದು ಕುಟುಕು 4 ಮಿ.ಮೀ. ಮುಂದಿನ ಮೂರು ಸಾಲಿನಲ್ಲಿ ಜಾಗ ಮಾತ್ರ ಇದೆ ನೋಡಿ. ಜಿ80 ಬರುವವರೆಗೆ, ಹೋದ ಕಡೆಯೆಲ್ಲ ಅದೇ ತೂತು ಹಾಕುತ್ತಾ ಹೋಗುತ್ತದೆ. ಜಿ80 ಮರೆತರೆ ಬೇಡದ ಕಡೆಯೂ ಹಾಕುತ್ತದೆ.

ಅಂಕಿಯ ಮುಂದಿನ ಚುಕ್ಕೆ ಸುಮ್ನೆ ಇಟ್ಟಿದ್ದಲ್ಲ. ನಮ್ಮ ಮಷೀನ್‌ನ ಕಂಟ್ರೋಲ್‌ನಲ್ಲಿ ಚುಕ್ಕೆ ಇಲ್ಲದ 85 ಅಂದರೆ 85 ಮಿ.ಮೀ. ಅಲ್ಲ, 85 ಮೈಕ್ರಾನ್. ಅಂದರೆ 0.085 ಮಿ.ಮೀ. ಹುಡುಗ ಏಳನೇ ಸಾಲಿನ ಚುಕ್ಕೆ ಬಿಟ್ಟಿದ್ದ. ಝಡ್ ಆಫ್‌ಸೆಟ್ 100 ಮೇಲೆತ್ತಿ ಗಾಳಿಯಲ್ಲಿ ಓಡಿಸಿ ನೋಡುತ್ತಿದ್ದೆವು. ಮೊದಲ ತೂತಿನಿಂದ ಬಲಕ್ಕೆ ಹೋಗಬೇಕಾದ ಡ್ರಿಲ್ ಎಡಕ್ಕೆ ಸರಿದು, ಪ್ಲೇಟಿನ ಅಂಚಿನ ಮೇಲೆಯೇ ನಿಂತು ಇಳಿಯತೊಡಗಿತು. ಅರ್ಧ ಕಬ್ಬಿಣ, ಅರ್ಧ ಗಾಳಿ. ನಿಜದಲ್ಲಿ ಆಗಿದ್ದರೆ ಡ್ರಿಲ್ ಜಾರಿ ಮುರಿಯುತ್ತಿತ್ತು. “ಒಂದ ಚುಕ್ಕಿಗೆ ಇಷ್ಟೇನು ಮಾಮಾ?” ಅಂದ. ಇಷ್ಟೇ.

ಟ್ಯಾಪಿಂಗ್‌ಗೆ ಹೆಚ್ಚು ಮಾತು ಬೇಕಿಲ್ಲ, ಒಂದು ನಿಯಮ ಸಾಕು. ಟ್ಯಾಪ್ ಒಂದು ಸುತ್ತಿಗೆ ಸರಿಯಾಗಿ ಒಂದು ಪಿಚ್ ಇಳಿಯಬೇಕು. 300 ಸುತ್ತು, ಪಿಚ್ 1.5, ಫೀಡ್ 450. ಇಲ್ಲಿ ಕಡಿಮೆ ಮಾಡೋಣ, ಜಾಸ್ತಿ ಮಾಡೋಣ ಅನ್ನುವಂತಿಲ್ಲ. ಜಿ84 ಓಡುವಾಗ ಫೀಡ್ ಗುಂಡಿ ತಿರುಗಿಸಿದರೂ ಮಷೀನ್ ಕೇಳುವುದಿಲ್ಲ, ಅದು ಒಳ್ಳೆಯದಕ್ಕೇ. ಆರುಪಾರು ತೂತಿಗೆ ಚಿಪ್ ಮುಂದಕ್ಕೆ ತಳ್ಳುವ ಟ್ಯಾಪ್, ತಳ ಮುಚ್ಚಿದ ತೂತಿಗೆ ಚಿಪ್ ಮೇಲಕ್ಕೆ ಎಳೆಯುವ ಸುರುಳಿ ಟ್ಯಾಪ್. ಅದಲು ಬದಲು ಮಾಡಿದರೆ ಟ್ಯಾಪ್ ಒಳಗೇ ಮುರಿಯಬಹುದು. ಆಮೇಲೆ ಮುರಿದ ತುಂಡನ್ನು ಕಿಡಿಯಿಂದ ಸವೆಸಿ ತೆಗೆಯುವ ಸ್ಪಾರ್ಕ್ ಮಷೀನ್‌ನವರ ಬಾಗಿಲು ಕಾಯಬೇಕು.

ಚಿಪ್ ಬಣ್ಣ ನೋಡುವುದನ್ನೂ ರೂಢಿ ಮಾಡಿಕೊಳ್ಳಿ. ಇನ್ಸರ್ಟ್‌ನಿಂದ ಬಂದ ಉಕ್ಕಿನ ಚಿಪ್ ನೀಲಿಯಾದರೆ ಹೆದರಬೇಕಿಲ್ಲ, ಬಿಸಿ ಚಿಪ್ ಜೊತೆ ಹೋಗುತ್ತಿದೆ. ಎಚ್‌ಎಸ್‌ಎಸ್ ಡ್ರಿಲ್‌ನಿಂದ ನೀಲಿ ಚಿಪ್ ಬಂದರೆ ಸುತ್ತು ಜಾಸ್ತಿಯಾಗಿದೆ, ಡ್ರಿಲ್ ಸಾಯುತ್ತಿದೆ. ಚಿಪ್ ಕೈಯಿಂದ ಎಳೆಯಬೇಡಿ, ಕೊಕ್ಕೆ ಇಟ್ಟುಕೊಳ್ಳಿ. ಗ್ಲೌಸ್ ಹಾಕಿ ತಿರುಗುವ ಸ್ಪಿಂಡಲ್ ಹತ್ತಿರ ಹೋಗಲೇಬೇಡಿ. ಬಟ್ಟೆ ಸಿಕ್ಕರೆ ಕೈಯನ್ನೂ ಎಳೆದುಕೊಳ್ಳುತ್ತದೆ.

ಕೊನೆಗೆ ಮೊದಲ ಪ್ಲೇಟ್. ಝಡ್ ಮತ್ತೆ ಕೆಳಗೆ ತಂದು, ರ್‍ಯಾಪಿಡ್ 25 ಪರ್ಸೆಂಟ್‌ಗೆ ಇಳಿಸಿ, ಸಿಂಗಲ್ ಬ್ಲಾಕ್ ಹಾಕಿದೆವು. ಒಂದು ಸಾಲು ಓಡಿ ನಿಲ್ಲುತ್ತದೆ, ಬಟನ್ ಒತ್ತಿದರೆ ಮುಂದಿನದು. ಝಡ್50ಕ್ಕೆ ಇಳಿಯುವಾಗ ನಡುವೆ ಓಟ ತಡೆಯುವ ಫೀಡ್ ಹೋಲ್ಡ್ ಬಟನ್ ಒತ್ತಿಸಿದೆ. ಪರದೆಯಲ್ಲಿ ‘ಡಿಸ್ಟೆನ್ಸ್ ಟು ಗೋ’ ಅಂತ ಒಂದು ಅಂಕಿ ಇರುತ್ತದೆ, ಇನ್ನು ಎಷ್ಟು ಇಳಿಯುವುದಿದೆ ಅಂತ. “ಎಷ್ಟ್ ತೋರಸ್ತೈತಿ?” ಅಂದೆ. “ಮೂವತ್ತು.” “ಕಣ್ಣಿಗೆ ಎಷ್ಟ್ ಕಾಣ್ತೈತಿ?” ಬಗ್ಗಿ ಗಾಜಿನಿಂದ ನೋಡಿದ. ಮೂವತ್ತು ಇಳಿದ ಮೇಲೂ ಡ್ರಿಲ್ ತುದಿಗೂ ಪ್ಲೇಟಿಗೂ ನಡುವೆ ಮೂರು ಬೆರಳಿನಷ್ಟು ಜಾಗ ಉಳಿಯಬೇಕು. “ಉಳೀತೈತಿ,” ಅಂದ. ಒತ್ತು ಅಂದೆ.

ಡ್ರಿಲ್ ಕುಟುಕುತ್ತಾ ಇಳಿಯಿತು. ಬಿಳಿ ಮಜ್ಜಿಗೆಯಂಥ ಕೂಲಂಟ್‌ನಲ್ಲಿ ಸುರುಳಿ ಚಿಪ್ ತೇಲಿ ಬಂದವು. ಟ್ಯಾಪ್ ಇಳಿದು, ಉಲ್ಟಾ ತಿರುಗಿ ಎದ್ದಿತು. ಬಾಗಿಲು ತೆಗೆದು, ತೂತು ಒರೆಸಿ, ಥ್ರೆಡ್ ಗೇಜ್ ಅವನ ಕೈಗೆ ಕೊಟ್ಟೆ. ಗೋ ಕಡೆ ಬೆರಳಿನಿಂದಲೇ ತಿರುಗಿ ಕೊನೆಯವರೆಗೆ ಹೋಯಿತು. ನೋ-ಗೋ ಕಡೆ ಎರಡು ಸುತ್ತು ದಾಟಬಾರದು. ನಾಲ್ಕೂ ತೂತಿನಲ್ಲಿ ಒಂದೇ ಸುತ್ತಿಗೆ ಬಿಗಿಯಾಗಿ ನಿಂತಿತು. ಅವನು ನಗಲಿಲ್ಲ. ವೈಸ್ ಬಿಚ್ಚಿ, ಪ್ಲೇಟ್ ಪಕ್ಕಕ್ಕಿಟ್ಟು, ಪ್ಯಾರಲಲ್ ಎರಡನ್ನೂ ಎತ್ತಿ ಟ್ಯೂಬ್‌ಲೈಟ್ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಹೊಸ ಅರ್ಧಚಂದ್ರ ಬಿದ್ದಿರಲಿಲ್ಲ.